ಅಪ್ಪ ಮಾತು ಹುಡುಕುತ್ತಿದ್ದರು, ನೀವು ಜೀರುಂಡೆ ಕೂಗಿಸಿದಿರಿ

ಮೂರು ದಿನದಿಂದ ಸಿಟ್ಟು ಇಳಿದಿಲ್ಲ. ಮನೆಯಲ್ಲಿ ಹೇಳಿ ಹೇಳಿ ಸಾಕಾಯಿತು, ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪನಿಗೆ ಎಪ್ಪತ್ತು ತುಂಬಿತು. ಮನೆಯವರೆಲ್ಲ ಸೇರಿದ್ದೆವು. ಎಲ್ಲರೂ ಒತ್ತಾಯ ಮಾಡಿದ ಮೇಲೆ ಅಪ್ಪ ಎದ್ದು ನಿಂತು, ತಾವು ಕೆಲಸಕ್ಕೆ ಸೇರಿದ ಮೊದಲ ದಿನದ ಕತೆ ಹೇಳಿದರು. ಎರಡು ವರ್ಷದ ಹಿಂದೆ ಸ್ಟ್ರೋಕ್ ಆದ ಮೇಲೆ ಅವರಿಗೆ ಒಮ್ಮೊಮ್ಮೆ ಮಾತು ಸಿಗುವುದಿಲ್ಲ. ಹೇಳಬೇಕಾದದ್ದು ಗೊತ್ತಿರುತ್ತದೆ, ಪದ ಮಾತ್ರ ಬರುವುದಿಲ್ಲ. ಆಗ ಕೈ ಸ್ವಲ್ಪ ಮೇಲಕ್ಕೆತ್ತಿ, ಕಣ್ಣು ಮುಚ್ಚಿಕೊಂಡು ಹುಡುಕುತ್ತಾರೆ. ನಾವು ಕಾಯುತ್ತೇವೆ. ಯಾರೂ ಮಧ್ಯೆ ಬಾಯಿ ಹಾಕುವುದಿಲ್ಲ. ತಾವೇ ಹುಡುಕಿ ಹೇಳಿದರೆ ಅವರ ಮುಖ ಅರಳುತ್ತದೆ, ಅದಕ್ಕೇ.

ಚಿಕ್ಕಪ್ಪನ ಮಗ ಅದನ್ನು ಮೊಬೈಲಿನಲ್ಲಿ ತೆಗೆದಿದ್ದ. ಮಾರನೇ ದಿನ ರೀಲ್ಸ್ ಬಂತು. ಅಪ್ಪ ಕಣ್ಣು ಮುಚ್ಚಿದ ಕಡೆ ಜೀರುಂಡೆ ಸದ್ದು. ಆಮೇಲೆ ಮುಖದ ಹತ್ತಿರಕ್ಕೆ ಜೂಮ್, ಜೊತೆಗೆ ಎದೆ ನಡುಗಿಸುವಂಥ 'ಢಮ್'. ಆಮೇಲೆ ಎಲ್ಲಿಂದಲೋ ತಂದ ಜನರ ನಗು. ಅಲ್ಲಿಗೆ ಮುಗಿಯಿತು.

ನಾನು ಫೋನ್ ಮಾಡಿದೆ. "ಅಕ್ಕಾ, ಸುಮ್ನೆ ತಮಾಷೆಗೆ ಹಾಕಿದ್ದು. ದೊಡ್ಡಪ್ಪನೂ ನಕ್ಕರಲ್ವಾ?" ಅಂದ. ಹೌದು, ನಕ್ಕರು. ಎಲ್ಲರೂ ನಗುತ್ತಿರುವಾಗ ಅವರು ಇನ್ನೇನು ಮಾಡಬೇಕಿತ್ತು?

ಅವನೊಬ್ಬನನ್ನೇ ಬೈದು ಏನು ಪ್ರಯೋಜನ. ಎಡಿಟಿಂಗ್ ಆ್ಯಪ್ ತೆರೆದರೆ ಸಾಕು, ಈ ಸದ್ದುಗಳೆಲ್ಲ ಸಾಲಾಗಿ ಕೂತಿರುತ್ತವೆ. ಯಾರಾದರೂ ಸುಮ್ಮನಾದರೆ ಜೀರುಂಡೆ. ಬಿದ್ದರೆ 'ಬೊಯ್ಂಗ್'. ಸೋತರೆ ಅಳುವ ತುತ್ತೂರಿಯ 'ಪ್ಯಾಂ ಪ್ಯಾಂ ಪ್ಯಾಂ'. ಏನೂ ಆಗದಿದ್ದರೆ 'ಢಮ್'. ಒಂದು ಸಲ ಒತ್ತಿದರೆ ಮುಗಿಯಿತು. ಬಿದ್ದವರಿಗೆ ಪೆಟ್ಟಾಯಿತಾ, ಸುಮ್ಮನಾದವರು ಯಾಕೆ ಸುಮ್ಮನಾದರು, ಯೋಚನೆ ಮಾಡುವಷ್ಟು ಹೊತ್ತೇ ಬೇಡ.

ಈ 'ಢಮ್' ಇದೆಯಲ್ಲ, ಅದನ್ನು ವೈನ್ ಬೂಮ್ ಅನ್ನುತ್ತಾರೆ. ವೈನ್ ಅಂತ ಒಂದು ಆ್ಯಪ್ ಇತ್ತು. 2013ರಲ್ಲಿ ಬಂತು, ಆರೇ ಸೆಕೆಂಡಿನ ವಿಡಿಯೋ, 2017ರಲ್ಲಿ ಮುಚ್ಚಿತು. ಆರು ಸೆಕೆಂಡಿನಲ್ಲಿ ನಗಿಸಬೇಕಾದವರಿಗೆ ಅದು ಬೇಕಾಗಿತ್ತೇನೋ, ಒಪ್ಪುತ್ತೇನೆ. ಆ್ಯಪ್ ಹೋಯಿತು, ಸದ್ದು ಉಳಿಯಿತು. ಈಗ ಪಾಠ ಹೇಳುವ ವಿಡಿಯೋದಲ್ಲೂ ಅದೇ, ಕಾಯಿಲೆ ಬಗ್ಗೆ ಹೇಳುವ ವಿಡಿಯೋದಲ್ಲೂ ಅದೇ. ಹತ್ತು ಸೆಕೆಂಡಿಗೊಂದು ಬಡಿದರೆ ಹೇಳಿದ್ದು ತಲೆಗೆ ಹೋಗುತ್ತದಾ?

ನಗಿಸುವ ಸದ್ದು ಹೊಸದೇನಲ್ಲ, ಅದು ನನಗೂ ಗೊತ್ತು. ಇಟಲಿಯ ಹಳೇ ಹಾಸ್ಯ ನಾಟಕಗಳಲ್ಲಿ ಎರಡು ಮರದ ಪಟ್ಟಿ ಜೋಡಿಸಿದ ಒಂದು ಕೋಲು ಇರುತ್ತಿತ್ತು. ಹೊಡೆದರೆ ಜೋರಾಗಿ 'ಚಟಾರ್' ಅನ್ನುವುದು, ಪೆಟ್ಟು ಮಾತ್ರ ಹೆಚ್ಚೇನೂ ಬೀಳುತ್ತಿರಲಿಲ್ಲ. ಸ್ಲ್ಯಾಪ್‌ಸ್ಟಿಕ್ ಅನ್ನುವ ಮಾತು ಬಂದದ್ದೇ ಆ ಕೋಲಿನಿಂದ. ನೋವಾಗಬಾರದು, ಜನ ನಗಬೇಕು, ಅದಕ್ಕಾಗಿ ಆ ಸದ್ದು. ಹೊಡೆಸಿಕೊಳ್ಳುವವನೂ ನಟನೇ, ಅವನಿಗೂ ಆಟ ಗೊತ್ತು. ಈಗ ಆಗಿರುವುದು ಪೂರ್ತಿ ಉಲ್ಟಾ. ಪೆಟ್ಟು ನಿಜವಾದದ್ದು, ಅದು ಕಾಣದ ಹಾಗೆ ಮೇಲೊಂದು ಸದ್ದು ಹಾಕುತ್ತಾರೆ. ವಯಸ್ಸಾದ ಒಬ್ಬರು ಮೆಟ್ಟಿಲ ಮೇಲೆ ಜಾರಿ ಬೀಳುವ ವಿಡಿಯೋ ನೋಡಿದೆ. ಅವರ ಕೂಗನ್ನು ತೆಗೆದು 'ಬೊಯ್ಂಗ್' ಹಾಕಿದ್ದರು. ಆ ಕೂಗು ಕೇಳಿಸಿದ್ದರೆ ಒಬ್ಬರೂ ನಗುತ್ತಿರಲಿಲ್ಲ. ಹಾಕಿದವರಿಗೂ ಅದು ಗೊತ್ತಿತ್ತು, ಅದಕ್ಕೇ ತೆಗೆದರು.

ಆ ಕಟ್ಟಿಟ್ಟ ನಗುವಿಗೂ ಒಂದು ಕತೆ ಇದೆ. 1950ರ ದಶಕದಲ್ಲಿ ಅಮೆರಿಕದ ಟಿವಿಗೆ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಡಗ್ಲಸ್ ಎಂಬ ಸೌಂಡ್ ಎಂಜಿನಿಯರ್ ಒಂದು ಪೆಟ್ಟಿಗೆ ಮಾಡಿದ. ಲಾಫ್ ಬಾಕ್ಸ್ ಅಂತಲೇ ಅದಕ್ಕೆ ಹೆಸರು. ಒಳಗೆ ಟೇಪಿನಲ್ಲಿ ಬೇರೆ ಬೇರೆ ಥರದ ನಗು, ಹೊರಗೆ ಕೀಲಿಗಳು. ಒತ್ತಿದ ಕೀಲಿಗೆ ತಕ್ಕ ನಗು. ಅವನಿಗೆ ಅದೇ ವೃತ್ತಿ, ಎಲ್ಲಿ ಎಷ್ಟು ನಗು ಬೇಕು ಅಂತ ಕೂತು ಅಳೆಯುತ್ತಿದ್ದ. ಅದು ಬೀಳುತ್ತಿದ್ದದ್ದೂ ಜನ ನಗಲಿ ಅಂತಲೇ ನಟಿಸಿದವರ ಮೇಲೆ. ಈಗ ಆ ಪೆಟ್ಟಿಗೆ ಎಲ್ಲರ ಜೇಬಿನಲ್ಲಿದೆ. ನಮ್ಮಪ್ಪ ಯಾವ ಹಾಸ್ಯ ಧಾರಾವಾಹಿಯಲ್ಲಿ ನಟಿಸುತ್ತಿದ್ದರು?

ಸದ್ದಿನ ಜೋರು ಬೇರೆ. ರಾತ್ರಿ ಪಕ್ಕದಲ್ಲಿ ಮಗು ಮಲಗಿರುತ್ತದೆ ಅಂತ ಇಯರ್‌ಫೋನ್ ಹಾಕಿಕೊಂಡು ನೋಡುತ್ತೇವೆ. ಯಾರೋ ಮೆಲ್ಲಗೆ ಮಾತಾಡುತ್ತಿರುತ್ತಾರೆ, ಕೇಳಿಸಲಿ ಅಂತ ವಾಲ್ಯೂಮ್ ಏರಿಸುತ್ತೇವೆ. ಆಗಲೇ 'ಢಮ್'. ಕಿವಿಯಿಂದ ಕಿತ್ತು ಎಸೆಯುವ ಹಾಗಾಗುತ್ತದೆ. ಇಡೀ ವಿಡಿಯೋದ ಸರಾಸರಿ ಸದ್ದು ನೋಡಿ ಸಮ ಮಾಡುವ ವ್ಯವಸ್ಥೆ ಇದ್ದರೂ ಅರ್ಧ ಸೆಕೆಂಡಿನ ಹೊಡೆತ ಆ ಸರಾಸರಿಯೊಳಗೆ ಅಡಗಿಕೊಳ್ಳುತ್ತದೆ. ಟಿವಿ ಜಾಹೀರಾತಿನ ಸದ್ದು ಕಾರ್ಯಕ್ರಮಕ್ಕಿಂತ ಜಾಸ್ತಿ ಇರಬಾರದು ಅಂತ ಅಮೆರಿಕದಲ್ಲಿ 2010ರಲ್ಲಿ ಕಾನೂನೇ ಮಾಡಿದರು. ಜನ ಅಷ್ಟು ರೋಸಿಹೋಗಿದ್ದರು. ಇಲ್ಲಿ ಕಿವಿಯೊಳಗೇ ಬಡಿಯುತ್ತಾರೆ, ಕೇಳುವವರಿಲ್ಲ.

"ಸೌಂಡ್ ಹಾಕದಿದ್ದರೆ ಜನ ಸ್ಕ್ರೋಲ್ ಮಾಡಿ ಹೋಗ್ತಾರೆ" ಅನ್ನುತ್ತಾರೆ. ಹೋಗಲಿ ಬಿಡಿ! ನನಗೂ ನಗು ಇಷ್ಟ. ಬೆಕ್ಕು ಮೇಜಿನ ಅಂಚಿನಿಂದ ಜಾರುವ ವಿಡಿಯೋ ಎಷ್ಟು ನೋಡಿದರೂ ಸಾಲದು. ಆದರೆ ಅದರಲ್ಲಿ ನಗು ಬರುವುದು ಅದರ ಉಗುರು ಮರದ ಮೇಲೆ 'ಪರಪರ' ಅನ್ನುವುದಕ್ಕೆ, ಬಿದ್ದ ಮೇಲೆ ಏನೂ ಆಗಿಲ್ಲವೆಂಬಂತೆ ಸುಮ್ಮನೆ ಕೂರುವುದಕ್ಕೆ. ಅದನ್ನೇ ಅಳಿಸಿ ತುತ್ತೂರಿ ಊದುತ್ತಾರೆ. ಒಳ್ಳೇ ಎಡಿಟರ್‌ಗಳೂ ಇದ್ದಾರೆ. ಇಡೀ ವಿಡಿಯೋಗೆ ಒಂದೇ ಸದ್ದು, ಅದೂ ನಾವು ಎಣಿಸದ ಜಾಗದಲ್ಲಿ. ಅಂಥದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಅವರಿಗೆ ಎಲ್ಲಿ ಸುಮ್ಮನಿರಬೇಕು ಅನ್ನುವುದು ಗೊತ್ತು.

ಅಪ್ಪನ ಪೂರ್ತಿ ವಿಡಿಯೋವನ್ನು ಹಟ ಮಾಡಿ ಅವನಿಂದ ತರಿಸಿಕೊಂಡೆ. ನೋಡಿದೆ. ಕಣ್ಣು ಮುಚ್ಚುತ್ತಾರೆ. ಒಂಬತ್ತು ಸೆಕೆಂಡು ಯಾರೂ ಮಾತಾಡುವುದಿಲ್ಲ. ಫ್ಯಾನ್ ತಿರುಗುವುದು ಕೇಳಿಸುತ್ತದೆ. ಆಮೇಲೆ ಅಪ್ಪ ಕಣ್ಣು ಬಿಟ್ಟು ಒಂದು ಹೆಸರು ಹೇಳುತ್ತಾರೆ. ಆ ಮೊದಲ ದಿನ ತಮ್ಮ ಊಟದಲ್ಲಿ ಅರ್ಧ ಕೊಟ್ಟ ಗೆಳೆಯನ ಹೆಸರು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಹೆಸರು ಸಿಕ್ಕಿದ್ದಕ್ಕೆ ಅಪ್ಪನ ಮುಖ ನೋಡಬೇಕು ನೀವು. ರೀಲ್ಸಿನಲ್ಲಿ ಅದು ಇಲ್ಲ. 'ಢಮ್' ಆದಮೇಲೆ ಕತ್ತರಿಸಿ ಬಿಸಾಡಿದ್ದಾನೆ.

ತೆಗೆದುಹಾಕು ಅಂತ ಎರಡು ಸಲ ಹೇಳಿದೆ. "ಆಯ್ತಕ್ಕಾ" ಅಂದ. ಇವತ್ತು ಬೆಳಿಗ್ಗೆ ನೋಡಿದೆ, ಇನ್ನೂ ಇದೆ. ನಿನ್ನೆ ಸಂಜೆ ಮೊಮ್ಮಗಳು ಏನೋ ಕತೆ ಕೇಳುತ್ತಾ ಮೊಬೈಲ್ ಹಿಡಿದುಕೊಂಡು ಎದುರು ನಿಂತಳು. ಅಪ್ಪ ಅದರ ಕಡೆ ಒಂದು ಸಲ ನೋಡಿ, "ಆಮೇಲೆ ಹೇಳ್ತೀನಿ ಮಗಾ" ಅಂತ ಒಳಗೆ ಹೋದರು.