ಸ್ಪಷ್ಟನೆ: ಸ್ಟ್ರಾಮ್‌ನೆಸ್ ಕಾರ್ಖಾನೆಯೊಳಗೆ ಪ್ರವಾಸಿಗರನ್ನು ಬಿಡುವುದಿಲ್ಲ

ದಕ್ಷಿಣ ಅಟ್ಲಾಂಟಿಕ್ ಸಾಗರದ ದಕ್ಷಿಣ ಜಾರ್ಜಿಯಾ ದ್ವೀಪದ ಬಗ್ಗೆ ಒಂದು ಪೋಸ್ಟ್ ಓಡಾಡುತ್ತಿದೆ. ಸ್ಟ್ರಾಮ್‌ನೆಸ್‌ನ ತಿಮಿಂಗಿಲಗಳಿಂದ ಎಣ್ಣೆ ತೆಗೆಯುತ್ತಿದ್ದ, ಈಗ ಪಾಳುಬಿದ್ದ ಕಾರ್ಖಾನೆಯೊಳಗೆ ಆರಾಮಾಗಿ ಸುತ್ತಾಡಬಹುದು, ಅಂಟಾರ್ಕ್ಟಿಕಾ ಅನ್ವೇಷಕ ಶ್ಯಾಕಲ್ಟನ್ ಸಮಾಧಿಯೂ ಪಕ್ಕದಲ್ಲೇ ಇದೆ ಅಂತ. ಎರಡೂ ತಪ್ಪು.

1916ರಲ್ಲಿ ಶ್ಯಾಕಲ್ಟನ್ ಇಬ್ಬರು ಜೊತೆಗಾರರೊಂದಿಗೆ ಬೆಟ್ಟ, ಹಿಮನದಿ ದಾಟಿ ಬಂದು ಸೇರಿದ್ದು ಸ್ಟ್ರಾಮ್‌ನೆಸ್‌ಗೇ, ಅದು ನಿಜ. ಆದರೆ ಈಗ ಕಟ್ಟಡಗಳಿಂದ 200 ಮೀಟರ್ ದೂರವೇ ನಿಲ್ಲಬೇಕು. ಒಂದು ಕಾರಣ ಆಸ್ಬೆಸ್ಟಾಸ್, ಅಂದರೆ ಉಸಿರಿನೊಳಗೆ ಹೋದರೆ ಶ್ವಾಸಕೋಶ ಕೆಡಿಸುವ ಖನಿಜದ ನಾರು. ಇನ್ನೊಂದು ಗಾಳಿ: ತುಕ್ಕು ಹಿಡಿದ ತಗಡುಗಳು ಮೊಳೆ ಬಿಟ್ಟುಕೊಂಡು ಪಟಪಟ ಬಡಿದುಕೊಳ್ಳುತ್ತಿರುತ್ತವೆ, ಜೋರು ಗಾಳಿಗೆ ಒಂದು ಕಿತ್ತು ಹಾರಿದರೂ ಸಾಕು, ಪ್ರಾಣಕ್ಕೇ ಅಪಾಯ. ಸುಮ್ನೆ ಹೆದರಿಸಲು ಮಾಡಿದ ನಿಯಮ ಅಲ್ಲ.

ಪೋಸ್ಟ್ ಬರೆದವರು ಅದೇ ದ್ವೀಪದ ಗ್ರಿಟ್‌ವಿಕೆನ್ ಅನ್ನೇ ಸ್ಟ್ರಾಮ್‌ನೆಸ್ ಅಂದುಕೊಂಡಿರಬೇಕು. ನಾರ್ವೆಯ ಲಾರ್ಸೆನ್ 1904ರಲ್ಲಿ ಶುರು ಮಾಡಿದ ಕಾರ್ಖಾನೆ ಅದು. ಅಲ್ಲಿನ ಆಸ್ಬೆಸ್ಟಾಸ್, ಉಳಿದಿದ್ದ ಎಣ್ಣೆ ಎಲ್ಲ ತೆಗೆದು ಶುಚಿ ಮಾಡಿದ್ದಾರೆ, ಅದಕ್ಕೇ ಜನ ಆ ದೈತ್ಯ ತುಕ್ಕು ಟ್ಯಾಂಕುಗಳ ಪಕ್ಕದಲ್ಲೇ ನಡೆದಾಡಬಹುದು, ದಾರಿಗೆ ಅಡ್ಡ ಮಲಗಿದ ಸೀಲ್‌ಗಳನ್ನು ಸುತ್ತುಹಾಕಿಕೊಂಡು. 1913ರ ಚರ್ಚ್ ಇದೆ, ಮ್ಯೂಸಿಯಂ ಇದೆ. 1922ರಲ್ಲಿ ತೀರಿಕೊಂಡ ಶ್ಯಾಕಲ್ಟನ್ ಸಮಾಧಿ ಇರುವುದೂ ಅಲ್ಲೇ.

ಈ ದ್ವೀಪಕ್ಕೆ ವಿಮಾನ ಇಲ್ಲ, ಹಡಗಿನಲ್ಲೇ ದಿನಗಟ್ಟಲೆ ಹೋಗಬೇಕು. ಅಷ್ಟು ಖರ್ಚು ಮಾಡಿ ಹೋಗುವವರಿಗೆ ತಪ್ಪು ಮಾಹಿತಿ ಕೊಡಬಾರದು ಅಲ್ವಾ? ಹಂಚಿದ್ದವರು ದಯವಿಟ್ಟು ತಿದ್ದಿ.