ಕುಲುಕಿದ್ದು ನೀವು, ಬೈಸಿಕೊಂಡಿದ್ದು ವೈನ್

ವೈನ್ ಕೂಟದ ಕರೆಯಲ್ಲಿ "ಏನಾದರೂ ಹಳೆಯದು ತನ್ನಿ" ಅನ್ನುವುದು ಬಹಳ ಸುಲಭ. ಹೇಳುವವರ ಗಂಟೇನೂ ಹೋಗುವುದಿಲ್ಲ. ಒಂದು ಸಾಲು ಟೈಪ್ ಮಾಡಿ, ಕೆಳಗೊಂದು ಗ್ಲಾಸಿನ ಚಿತ್ರ ಅಂಟಿಸಿದರೆ ಅವರ ಕೆಲಸ ಮುಗಿಯಿತು. ಆ ಹಳೆಯದನ್ನು ಕಪಾಟಿನಿಂದ ಇಳಿಸಿ, ಒಡೆಯದಂತೆ, ಕಾಯದಂತೆ, ಸೋರದಂತೆ ಕೂಟದ ಮೇಜಿನವರೆಗೆ ಮುಟ್ಟಿಸುವವನ ಪಾಡು ಯಾರಿಗೂ ಬೇಡ. ತಂದ ಮೇಲಾದರೂ ನೆಟ್ಟಗೆ ಕುಡಿಯುತ್ತಾರಾ ಅಂದರೆ ಅದೂ ಇಲ್ಲ. ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡು, ಮುಖ ಕಿವುಚಿ, "ಇದು ಹೋಗಿಬಿಟ್ಟಿದೆ ಅನ್ಸುತ್ತೆ" ಅನ್ನುತ್ತಾರೆ.

ಹೋಗಿಲ್ಲ ಸ್ವಾಮಿ. ನೀವು ಅದನ್ನು ಕಲಕಿ ಕುಡಿದಿದ್ದೀರಿ.

ವರ್ಷಗಟ್ಟಲೆ ಮಲಗಿದ್ದ ಕೆಂಪು ವೈನ್‌ನಲ್ಲಿ ಗಷ್ಟು ಇದ್ದೇ ಇರುತ್ತದೆ. ಅದು ಕಲಬೆರಕೆ ಅಲ್ಲ, ಕೊಳೆಯೂ ಅಲ್ಲ. ವೈನ್‌ನ ಬಣ್ಣ ಮತ್ತು ಒಗರು ಕೊಡುವ ಟ್ಯಾನಿನ್ ನಿಧಾನಕ್ಕೆ ಒಂದಕ್ಕೊಂದು ಅಂಟಿಕೊಂಡು, ದಪ್ಪವಾಗಿ, ಭಾರವಾಗಿ ಕೆಳಗೆ ಇಳಿಯುತ್ತವೆ. ವೈನ್ ಅಷ್ಟು ಮೃದುವಾಗುವುದಕ್ಕೂ ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗುವುದಕ್ಕೂ ಈ ಕೆಲಸ ದೊಡ್ಡ ಕಾರಣ. ಬಾಟಲಿ ಅಡ್ಡ ಮಲಗಿದ್ದರೆ ಗಷ್ಟು ಒಂದು ಪಕ್ಕಕ್ಕೆ ಉದ್ದಕ್ಕೆ ಗೆರೆಯಂತೆ ಕೂತಿರುತ್ತದೆ. ಅದನ್ನು ನೇರ ನಿಲ್ಲಿಸಿ, ಮುಟ್ಟದೆ ಬಿಟ್ಟರೆ ಒಂದೆರಡು ದಿನದಲ್ಲಿ ತಳ ಸೇರುತ್ತದೆ. ಆಮೇಲೆ ಬಾಟಲಿಯ ಕತ್ತಿನ ಹಿಂದೆ ಒಂದು ಟಾರ್ಚ್ ಇಟ್ಟುಕೊಂಡು, ಕೈ ನಡುಗಿಸದೆ ಡಿಕ್ಯಾಂಟರ್ ಅನ್ನುವ ಗಾಜಿನ ಹೂಜಿಗೆ ಸುರಿಯಬೇಕು. ಕತ್ತಿನ ಹತ್ತಿರ ಹೊಗೆಯಂತೆ ಕಪ್ಪು ಎಳೆ ಕಂಡ ಕೂಡಲೇ ನಿಲ್ಲಿಸಬೇಕು. ಇಷ್ಟೇ. ಇದರಲ್ಲಿ ರಾಕೆಟ್ ವಿಜ್ಞಾನ ಏನಿದೆ ಹೇಳಿ?

ಎಲ್ಲಾ ಗಷ್ಟೂ ಒಂದೇ ಅಲ್ಲ ಅನ್ನುವುದು ಮಾತ್ರ ಬಹಳ ಜನರಿಗೆ ಗೊತ್ತಿಲ್ಲ. ಪೋರ್ಚುಗಲ್ಲಿನ ಸಿಹಿ ವೈನ್ ಆದ ವಿಂಟೇಜ್ ಪೋರ್ಟ್‌ನದ್ದು ಗಟ್ಟಿ ಹಕ್ಕಳೆ. ಅದನ್ನು ಪೀಪಾಯಿಯಲ್ಲಿ ಸುಮಾರು ಎರಡು ವರ್ಷ ಇಟ್ಟು, ಸೋಸದೆ ಬಾಟಲಿಗೆ ತುಂಬುತ್ತಾರೆ. ಹಾಗಾಗಿ ಗಷ್ಟು ಜಾಸ್ತಿ, ಆದರೆ ಭಾರ. ಬೇಗ ಕೂರುತ್ತದೆ. ನೆಬ್ಬಿಯೋಲೋ ದ್ರಾಕ್ಷಿಯಿಂದ ಮಾಡುವ ಇಟಲಿಯ ಕೆಂಪು ವೈನ್ ಬರೋಲೋ ಹಾಗಲ್ಲ. ಅದರ ಗಷ್ಟು ಮುಖಕ್ಕೆ ಹಚ್ಚುವ ಪೌಡರ್‌ಗಿಂತ ನಯ. ಒಮ್ಮೆ ಎದ್ದರೆ ಕೂರಲು ದಿನಗಟ್ಟಲೆ ಬೇಕು. ಕೂರುವ ಮೊದಲೇ ಸುರಿದರೆ ಗ್ಲಾಸ್ ಪೂರ್ತಿ ಮಬ್ಬು, ನಾಲಿಗೆ ಮೇಲೆ ಒರಟು, ಕೊನೆಗೆ ಕಹಿ. ಗುಲಾಬಿ, ಟಾರು, ಒಣಗಿದ ಎಲೆ ಅಂತ ಏನೇನು ಪರಿಮಳ ಹೊಗಳುತ್ತಾರೋ ಅದೆಲ್ಲ ಆ ಕಹಿಯ ಹಿಂದೆ ಅಡಗಿ ಕೂರುತ್ತದೆ.

ಕಳೆದ ಕೂಟಕ್ಕೆ ನಾನು ತೆಗೆದುಕೊಂಡು ಹೋಗಿದ್ದು 1996ರ ಬರೋಲೋ. ವೈನ್ ಮಾಗಲು ಬಹಳ ಕಾಲ ಹಿಡಿಯುವ ವರ್ಷ ಅಂತ ಅದಕ್ಕೆ ಹೆಸರು. ಅಷ್ಟು ಕಾಲ ಕಾದಿದ್ದೆ. ಕಾದಿದ್ದಕ್ಕೆ ಏನು ಸಿಕ್ಕಿತು ಅನ್ನುವುದು ಮುಂದೆ.

ಮೊದಲು ವಿಮಾನದ ಕಥೆ. 2006ರಲ್ಲಿ ದ್ರವ ಸ್ಫೋಟಕದ ಸಂಚು ಸಿಕ್ಕಿಬಿದ್ದ ಮೇಲೆ ಕೈಚೀಲದಲ್ಲಿ 100 ಮಿಲಿಗಿಂತ ದೊಡ್ಡ ದ್ರವದ ಬಾಟಲಿ ಬೇಡ ಅನ್ನುವ ನಿಯಮ ಬಂತು. ವೈನ್ ಬಾಟಲಿ 750 ಮಿಲಿ. ಅಲ್ಲಿಗೆ ಮಡಿಲಲ್ಲಿ ಇಟ್ಟುಕೊಂಡು ಹೋಗುವ ಆಸೆ ಮುಗಿಯಿತು. ದೊಡ್ಡ ಪೆಟ್ಟಿಗೆಗೆ ಹಾಕಿ ಬೆಲ್ಟಿನ ಮೇಲೆ ಬಿಡಬೇಕು. ಅಪಾಯಕಾರಿ ಸರಕಿನ ಅಂತರರಾಷ್ಟ್ರೀಯ ನಿಯಮದಲ್ಲಿ ಶೇಕಡಾ 24ರವರೆಗೆ ಆಲ್ಕೋಹಾಲ್ ಇರುವ ಮದ್ಯಕ್ಕೆ ಅಡ್ಡಿಯಿಲ್ಲ. 24ರಿಂದ 70ರ ನಡುವಿನದ್ದಕ್ಕೆ ತಲೆಗೆ 5 ಲೀಟರ್. ವೈನ್ 13, 14ರ ಆಸುಪಾಸು, ಪೋರ್ಟ್ ಕೂಡ 20ರ ಹತ್ತಿರ. ಕಾಗದದ ಮೇಲೆ ಎಲ್ಲ ಸರಿಯೇ. ಇದರ ಮೇಲೆ ಆಯಾ ದೇಶದ ಸುಂಕದ ಮಿತಿ, ಆಯಾ ವಿಮಾನ ಕಂಪನಿಯ ತೂಕದ ಮಿತಿ, ಮತ್ತೆ ಕೌಂಟರಿನಲ್ಲಿ ಕೂತವರ ಅಂದಿನ ಮೂಡು. ತುಂಬಿದ ಒಂದು ಬಾಟಲಿ ಸುಮಾರು ಒಂದೂಕಾಲು ಕಿಲೋ ತೂಗುತ್ತದೆ. ಕೆಲವರು ಗತ್ತಿಗೆ ಅಂತ ದಪ್ಪ ಗಾಜಿನಲ್ಲಿ ತುಂಬುತ್ತಾರಲ್ಲ, ಅದು ಇನ್ನೂ ಭಾರ. ಒಳ್ಳೆ ಪ್ಯಾಡಿಂಗ್ ಹಾಕಿದರೆ ಬಟ್ಟೆಗೆ ಜಾಗವೇ ಉಳಿಯುವುದಿಲ್ಲ. ಒಂದೇ ಜೊತೆ ಅಂಗಿಯಲ್ಲಿ ಕೂಟ ಮುಗಿಸಿ ಬಂದವನು ನಾನು. ಅದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ತಪಾಸಣೆಯಲ್ಲಿ ಪೆಟ್ಟಿಗೆ ತೆರೆಸಿದರು. ತೆರೆಸಲಿ, ಅವರ ಕೆಲಸ ಅದು. ಆದರೆ ಆ ಮನುಷ್ಯ ಗಾಳಿಗುಳ್ಳೆಯ ಚೀಲದಿಂದ ಬಾಟಲಿಯನ್ನು ಕತ್ತು ಹಿಡಿದು ಎಳೆದ. ಟ್ಯೂಬ್‌ಲೈಟಿಗೆ ಎತ್ತಿ ಹಿಡಿದ. ತಲೆಕೆಳಗೆ ಮಾಡಿದ. ತಳದಿಂದ ಕಪ್ಪಗೆ ಏನೋ ಎದ್ದು ಇಳಿಯುವುದು ಕಂಡಿತು. ಅವನಿಗೆ ಕುತೂಹಲ. ಮತ್ತೆ ನೇರ ಮಾಡಿದ, ಮತ್ತೆ ಉಲ್ಟಾ ಮಾಡಿದ. "ಒಳಗೆ ಏನೋ ಇದೆಯಲ್ಲ, ಕೆಟ್ಟಿದೆಯಾ?" ಅಂತ ಕೇಳಿದ. ನಾನು ಕೆಟ್ಟಿಲ್ಲ ಅಂದೆ. ನಂಬಿಕೆ ಬರಲಿಲ್ಲವೋ ಏನೋ, ಇನ್ನೊಂದು ಸಲ ಅಲ್ಲಾಡಿಸಿ ನೋಡಿದ. ಎದುರು ನಿಂತು ಹಲ್ಲು ಕಚ್ಚಿಕೊಂಡು ನೋಡುವುದು ಬಿಟ್ಟು ಬೇರೇನು ಮಾಡಲಾಗುತ್ತದೆ? ದನಿ ಏರಿಸಿದರೆ ಬಾಟಲಿಯೂ ಹೋಗುತ್ತದೆ, ವಿಮಾನವೂ ಹೋಗುತ್ತದೆ.

ಕಾರಿನಲ್ಲಿ ಹೋಗಬಹುದಿತ್ತಲ್ಲ ಅನ್ನುವವರಿದ್ದಾರೆ. ಹೋಗಿಯೂ ನೋಡಿದ್ದೇನೆ. ಹಳೆಯ ವೈನ್ ಬದುಕುವುದು 12, 13 ಡಿಗ್ರಿಯಲ್ಲಿ, ಕತ್ತಲಲ್ಲಿ. ಬಿಸಿಲಲ್ಲಿ ನಿಂತ ಕಾರಿನ ಒಳಗೆ 50 ಡಿಗ್ರಿ ದಾಟುತ್ತದೆ. ಬಿಸಿಗೆ ವೈನ್ ಹಿಗ್ಗುತ್ತದೆ, ಕಾರ್ಕನ್ನು ಹೊರಗೆ ದೂಡುತ್ತದೆ, ಪಕ್ಕದಲ್ಲಿ ಜಿನುಗುತ್ತದೆ. ತಣ್ಣಗಾದಾಗ ಅದೇ ದಾರಿಯಲ್ಲಿ ಗಾಳಿ ಒಳಗೆ ಹೋಗುತ್ತದೆ. ಆಮೇಲೆ ಅದು ಬೇಯಿಸಿದ ಹಣ್ಣಿನ ವಾಸನೆಯ ಏನೋ ಒಂದು. ಹಾಗಾಗಿ ಕಾರಿನಲ್ಲಿ ಹೋದರೆ ದಾರಿಯಲ್ಲಿ ಎಲ್ಲೂ ಬಿಟ್ಟು ಇಳಿಯುವ ಹಾಗಿಲ್ಲ. ಎಸಿ ನಿಲ್ಲಿಸುವ ಹಾಗಿಲ್ಲ. ಬಾಣಂತಿ ಮಗುವನ್ನು ಕರೆದುಕೊಂಡು ಹೊರಟಷ್ಟೇ ರಗಳೆ, ಮಗು ಆಗಿದ್ದರೆ ನಾಲ್ಕು ಜನ ಜಾಗವಾದರೂ ಬಿಡುತ್ತಿದ್ದರು.

ಇಷ್ಟೆಲ್ಲ ಸಹಿಸುತ್ತೇನೆ. ತಪಾಸಣೆಯವನ ಮೇಲೆ ನನಗೆ ಅಂಥ ಸಿಟ್ಟಿಲ್ಲ, ಅವನಿಗೆ ವೈನ್ ಗೊತ್ತಿಲ್ಲ. ನನ್ನ ಸಿಟ್ಟು ಗೊತ್ತಿದ್ದವರ ಮೇಲೆ. ಕೂಟ ನಡೆಸುವವರ ಮೇಲೆ.

ಅವರಿಗೆ ಎಲ್ಲದಕ್ಕೂ ಪುರುಸೊತ್ತಿದೆ. ಹೆಸರಿನ ಬ್ಯಾಡ್ಜ್ ಇದೆ. ತೆಳು ಗಾಜಿನ ಗ್ಲಾಸು ಸಾಲಾಗಿವೆ. ಹಿಂದೆ ಬ್ಯಾನರ್ ಇದೆ. ಬ್ಯಾನರ್ ಕಟ್ಟಲು ಹಿಂದಿನ ದಿನವೇ ಸಭಾಂಗಣ ತೆರೆಸಿಕೊಂಡಿರುತ್ತಾರೆ. ಬಾಟಲಿ ನಿಲ್ಲಿಸಲು ಮಾತ್ರ ಒಂದು ಮೂಲೆ ಇಲ್ಲ! ನಾನು ಮುಂಚೆಯೇ ಕೇಳಿದ್ದೆ: ಎರಡು ದಿನ ಮೊದಲು ಬರುತ್ತೇನೆ, ತಣ್ಣಗಿನ ಒಂದು ಜಾಗ ಕೊಡಿ, ಬಾಟಲಿ ನಿಲ್ಲಿಸಿ ಹೋಗುತ್ತೇನೆ, ಯಾರೂ ಮುಟ್ಟಬೇಡಿ. "ಅಯ್ಯೋ, ಅಷ್ಟೆಲ್ಲ ಯಾಕೆ, ಸಂಜೆ ಬರುವಾಗ ಕೈಯಲ್ಲೇ ತನ್ನಿ" ಅಂತ ಉತ್ತರ. ನಾನೇನು ಅರಮನೆ ಕೇಳಿದೆನಾ? ಒಂದು ಮೊಳ ನೆಲ. ಅದೂ ಬಾಡಿಗೆಗೆ ಕೊಡಿ ಅಂದರೂ ಕೊಡುತ್ತಿದ್ದೆ.

ಸರಿ, ಸಂಜೆ ತಂದೆ. ಉಳಿದುಕೊಂಡ ಕೋಣೆಯಲ್ಲಿ ನಿಲ್ಲಿಸಿದ್ದ ಬಾಟಲಿಯನ್ನು ಎದೆಗೆ ಒತ್ತಿ ಹಿಡಿದು, ಮೆಟ್ಟಿಲು ಮೆಟ್ಟಿಲಿಗೂ ನಿಂತು ಹತ್ತಿ ಮೇಜಿನ ಮೇಲೆ ಇಟ್ಟೆ. ಬೆನ್ನು ತಿರುಗಿಸಿದ್ದೇ ತಡ, ಒಬ್ಬರು ಎತ್ತಿಕೊಂಡರು. ಫೋಟೋ! ಲೇಬಲ್ ಕಾಣಲಿ ಅಂತ ಓರೆ ಮಾಡಿದರು. ಬೆಳಕು ಬೀಳಲಿಲ್ಲ ಅಂತ ಇನ್ನೊಂದು ಕಡೆ ಓರೆ ಮಾಡಿದರು. ಅವರ ಕೈಯಿಂದ ಪಕ್ಕದವರಿಗೆ, ಅಲ್ಲಿಂದ ಮತ್ತೊಬ್ಬರಿಗೆ. ಕೆನ್ನೆಗೆ ಬಾಟಲಿ ಆನಿಸಿಕೊಂಡು ಒಂದು, ಮಗುವಿನ ಹಾಗೆ ಅಡ್ಡ ಹಿಡಿದು ಇನ್ನೊಂದು. ನಾನು "ದಯವಿಟ್ಟು ಇಡಿ, ಗಷ್ಟಿದೆ" ಅಂದರೆ "ಆಯ್ತು ಆಯ್ತು, ಒಂದೇ ಒಂದು" ಅನ್ನುತ್ತಾರೆ. ಲೇಬಲ್ಲಿನ ಮೇಲೆ ಅಷ್ಟು ಪ್ರೀತಿ ಇದ್ದವರಿಗೆ ಒಳಗಿರುವುದರ ಮೇಲೆ ಯಾಕಿಲ್ಲ?

ಆಮೇಲೆ ಕಾರ್ಕ್. ಇಪ್ಪತ್ತು ಇಪ್ಪತ್ತೈದು ವರ್ಷ ದಾಟಿದ ಕಾರ್ಕ್ ಸಾಮಾನ್ಯವಾಗಿ ಮೆತ್ತಗಾಗಿ ಪುಡಿಯಾಗಲು ಕಾದಿರುತ್ತದೆ. ಅದಕ್ಕೆ ಎರಡು ತೆಳು ತಗಡಿನ ಕಾಲಿರುವ ಓಪನರ್ ಬೇಕು. ಗಾಜಿಗೂ ಕಾರ್ಕಿಗೂ ನಡುವೆ ಆ ಕಾಲುಗಳನ್ನು ಅತ್ತಿತ್ತ ಆಡಿಸುತ್ತಾ ಇಳಿಸಿ, ತಿರುಗಿಸುತ್ತಾ ಎತ್ತಬೇಕು. ಅದು ನನ್ನ ಜೇಬಿನಲ್ಲೇ ಇತ್ತು. ನಾನು ಬರುವಷ್ಟರಲ್ಲಿ ಒಬ್ಬ ಉತ್ಸಾಹಿ ದಪ್ಪ ತಿರುಪಿನ ಲಿವರ್ ಓಪನರ್ ಕಚ್ಚಿಸಿ ಒಂದೇ ಏಟಿಗೆ ಎಳೆದಾಗಿತ್ತು. ಮೇಲಿನ ಅರ್ಧ ಅವನ ಕೈಗೆ ಬಂತು, ಕೆಳಗಿನ ಅರ್ಧ ಒಳಗೆ ಬಿತ್ತು. "ಪರವಾಗಿಲ್ಲ, ಸೋಸಿದರಾಯ್ತು" ಅಂದ. ಕಾರ್ಕಿನ ಚೂರು ಸೋಸಬಹುದಪ್ಪ. ಕಣ್ಣಿಗೆ ಕಾಣದಷ್ಟು ಸಣ್ಣ ಗಷ್ಟನ್ನು ಟೀ ಜರಡಿ ಹಿಡಿಯುತ್ತದಾ?

ಸುರಿದದ್ದು ಅಲ್ಲೇ, ಆಗಲೇ, ಎದ್ದ ಗಷ್ಟಿನ ಸಮೇತ. ಮೇಜಿನ ಸುತ್ತ ಹದಿನಾಲ್ಕು ಜನ. 750 ಮಿಲಿಯಲ್ಲಿ ತಳದ 50 ಬಿಟ್ಟರೆ ತಲೆಗೆ ಬರುವುದೇ 50 ಮಿಲಿ. ಅಷ್ಟು ಸಣ್ಣ ಪಾಲಿನಲ್ಲಿ ಕೆಸರು ಬಂದರೆ ಇನ್ನೇನು ಉಳಿಯಿತು? ಅದೂ ಯಾವಾಗ ಸುರಿದರು ಗೊತ್ತಾ? ದಪ್ಪನೆಯ, ಎಳೆಯ, ಮರದ ವಾಸನೆ ಹೊಡೆಯುವ ಶಿರಾಜ್ ವೈನ್ ಕುಡಿದ ಮೇಲೆ. ನಾಜೂಕಾದದ್ದು ಮೊದಲು, ಜೋರಾದದ್ದು ಆಮೇಲೆ ಅನ್ನುವುದು ಈ ಹವ್ಯಾಸದ ಒಂದನೇ ಪಾಠ. ಇವರು ಇದರ ಮೇಲೆ ಭಾಷಣ ಮಾಡುವ ಜನ.

ಆಗ ಬಂತು ಆ ತೀರ್ಪು. "ಹೋಗಿಬಿಟ್ಟಿದೆ." ಒಬ್ಬರು ಆಕ್ಸಿಡೈಸ್ ಆಗಿದೆ, ಅಂದರೆ ಗಾಳಿ ತಾಗಿ ಕೆಟ್ಟಿದೆ ಅಂದರು. ಇನ್ನೊಬ್ಬರು ಕಾರ್ಕ್ ಹಿಡಿದಿದೆ ಅಂದರು. ಕಾರ್ಕ್ ಹಿಡಿಯುವುದು ಅಂದರೆ ಟಿಸಿಎ ಅನ್ನುವ ರಾಸಾಯನಿಕದ ಕೆಲಸ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಒದ್ದೆ ರಟ್ಟಿನ ವಾಸನೆ ಮೂಗಿಗೆ ಬಡಿಯುತ್ತದೆ. ನನ್ನ ಗ್ಲಾಸಿನಲ್ಲಿ ರಟ್ಟೂ ಇರಲಿಲ್ಲ, ವಿನೆಗರೂ ಇರಲಿಲ್ಲ. ಇದ್ದದ್ದು ಮಣ್ಣುಮಣ್ಣು ಮಬ್ಬು. ಕಲಕಿದ ನೀರನ್ನು ಕುಡಿದು ಬಾವಿ ಕೆಟ್ಟಿದೆ ಅನ್ನುವ ಬುದ್ಧಿ ಇದು. ಕೂಟ ಮುಗಿಯುವ ಹೊತ್ತಿಗೆ ನಾನು ಕುಡಿಯದೆ ಇಟ್ಟಿದ್ದ ನನ್ನ ಪಾಲು ಸ್ವಲ್ಪ ತಿಳಿಯಾಗಿತ್ತು. ಮೇಲಿನ ಒಂದು ಗುಟುಕಿನಲ್ಲಿ ಗುಲಾಬಿ ಇತ್ತು, ಜೀವ ಇತ್ತು. ಕೇಳಲು ಯಾರೂ ಇರಲಿಲ್ಲ, ಎಲ್ಲರೂ ಗುಂಪು ಫೋಟೋಗೆ ಎದ್ದು ಹೋಗಿದ್ದರು.

ಇದನ್ನು ಹೇಳಿದರೆ ಬುದ್ಧಿವಾದ ಶುರು. ಮನೆಯಲ್ಲೇ ಡಿಕ್ಯಾಂಟ್ ಮಾಡಿ, ಬಾಟಲಿ ತೊಳೆದು, ಮತ್ತೆ ಅದಕ್ಕೇ ತುಂಬಿ ತರಬಹುದಿತ್ತಲ್ವಾ ಅಂತ. ಗೊತ್ತು ಮಾರಾಯರೇ. ಹತ್ತು ನಿಮಿಷದ ದಾರಿಗೆ, ಇನ್ನೂ ಗಟ್ಟಿಯಿರುವ ವೈನ್‌ಗೆ ಅದು ಒಳ್ಳೆ ಉಪಾಯ. ಮುದಿಯಾದ ವೈನ್ ಗಾಳಿ ತಾಗಿದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೋ ಯಾರೂ ಬರೆದುಕೊಡುವುದಿಲ್ಲ, ಕೆಲವು ಅರ್ಧ ಗಂಟೆಗೇ ಬಾಡುತ್ತವೆ. ಅದನ್ನು ಬಿಚ್ಚಿ, ಕಾರ್ಕ್ ತುರುಕಿ, ವಿಮಾನದ ಹೊಟ್ಟೆಗೆ ಹಾಕಬೇಕಾ? ಇನ್ನು ಪ್ರಯಾಣದಿಂದ ವೈನ್‌ಗೆ "ಶಾಕ್" ಆಗುತ್ತದಾ ಇಲ್ಲವಾ ಅನ್ನುವ ವಾದ ಬೇರೆ. ಬೆಳಗಿನವರೆಗೆ ವಾದ ಮಾಡಿ, ಬೇಕಾದರೆ ನಾನೂ ಕೂರುತ್ತೇನೆ. ಗಷ್ಟಿನ ವಿಷಯಕ್ಕೆ ವಾದ ಬೇಡ, ಒಂದು ಟಾರ್ಚ್ ಸಾಕು.

ಇವರಿಗೆ ಸರಿಯಾದದ್ದು ಪೋರ್ಚುಗಲ್ಲಿನ ಮದೀರಾ ದ್ವೀಪದ ವೈನ್. ಹಿಂದೆ ಆ ವೈನ್ ಪೀಪಾಯಿಗಳನ್ನು ಹಡಗಿನಲ್ಲಿ ಉಷ್ಣವಲಯ ದಾಟಿಸುತ್ತಿದ್ದರು. ಬಿಸಿಗೆ, ಅಲ್ಲಾಟಕ್ಕೆ ಅದು ಇನ್ನೂ ರುಚಿಯಾಗುತ್ತದೆ ಅಂತ ಕಂಡುಕೊಂಡು, ಆಮೇಲೆ ಬೇಕಂತಲೇ ಬಿಸಿ ಮಾಡತೊಡಗಿದರು. ಕುಲುಕಿ, ಕಾಯಿಸಿ, ಬಿಚ್ಚಿಟ್ಟು ತಿಂಗಳು ಬಿಟ್ಟು ಬನ್ನಿ, ಅದು ಅಲ್ಲೇ ಇರುತ್ತದೆ. ಎಷ್ಟು ಬೇಕಾದರೂ ಫೋಟೋ ತೆಗೆದುಕೊಳ್ಳಿ.

ಈಗ ಮುಂದಿನ ಕೂಟದ ಕರೆ ಬಂದಿದೆ. ಈ ಸಲ 25 ವರ್ಷಕ್ಕಿಂತ ಹಳೆಯದು ಮಾತ್ರ ಅಂತೆ. ಬಾಟಲಿಗಳನ್ನು ಎರಡು ದಿನ ಮೊದಲು ಎಲ್ಲಿ ನಿಲ್ಲಿಸಬಹುದು ಅಂತ ಮತ್ತೆ ಕೇಳಿದೆ. "ಚಿಂತೆ ಬೇಡ, ಅಲ್ಲಿ ದೊಡ್ಡ ಐಸ್ ಬಕೆಟ್ ಇಟ್ಟಿರುತ್ತೇವೆ" ಅಂತ ಬರೆದಿದ್ದಾರೆ.