ಸ್ಪಷ್ಟನೆ: 1453ರಲ್ಲಿ ಮೆಣಸಿನ ದಾರಿ ಮುಚ್ಚಲಿಲ್ಲ

"1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದು ಸಂಬಾರ ಪದಾರ್ಥಗಳ ದಾರಿ ಮುಚ್ಚಿದರು, ಅದಕ್ಕೇ ಯುರೋಪಿಯನ್ನರು ಭಾರತಕ್ಕೆ ಸಮುದ್ರಮಾರ್ಗ ಹುಡುಕಿದರು" ಎಂಬ ಮಾತು ಪರೀಕ್ಷಾ ಟಿಪ್ಪಣಿಗಳಲ್ಲಿ ಈಗಲೂ ಹರಿದಾಡುತ್ತಿದೆ. ಆ ವರ್ಷ ಮೇ 29ರಂದು ನಗರ ಬಿದ್ದದ್ದು ನಿಜ. ಉಳಿದದ್ದು ಸರಿಯಲ್ಲ.

ನಕ್ಷೆಯ ಮೇಲೆ ಮೆಣಸಿನ ಮುಖ್ಯ ಹಾದಿಯನ್ನು ಪೆನ್ಸಿಲ್‌ನಲ್ಲಿ ಎಳೆದು ನೋಡಿ: ಕಲ್ಲಿಕೋಟೆ, ಏಡನ್, ಕೆಂಪು ಸಮುದ್ರ, ಕೈರೋ, ಅಲೆಕ್ಸಾಂಡ್ರಿಯಾ, ವೆನಿಸ್. ಗೆರೆ ಕಾನ್‌ಸ್ಟಾಂಟಿನೋಪಲ್ ಹತ್ತಿರ ಸುಳಿಯುವುದೇ ಇಲ್ಲ. ಈಜಿಪ್ಟ್, ಸಿರಿಯಾ ಎರಡೂ ಆಗ ಮಾಮ್ಲೂಕ್ ಸುಲ್ತಾನರ ಕೈಯಲ್ಲಿದ್ದವು. ಆಟೋಮನ್ನರು, ಅಂದರೆ ಕಾನ್‌ಸ್ಟಾಂಟಿನೋಪಲ್ ಗೆದ್ದ ಅದೇ ತುರ್ಕರು, ಕೈರೋ ಹಿಡಿದದ್ದು 1517ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದು 19 ವರ್ಷಗಳಾದ ಮೇಲೆ. ಈಜಿಪ್ಟನ್ನೂ ಒಳಗೊಂಡ 16ನೇ ಶತಮಾನದ ಆಟೋಮನ್ ನಕ್ಷೆಯನ್ನು 1453ರ ಪಾಠದ ಪಕ್ಕದಲ್ಲಿಟ್ಟರೆ ಈ ತಪ್ಪು ಸಲೀಸಾಗಿ ಹುಟ್ಟುತ್ತದೆ. ಹಾಗಾಗಿ ನಕ್ಷೆಯ ಮೂಲೆಯಲ್ಲಿರುವ ಇಸವಿಯನ್ನು ಮೊದಲು ಓದಬೇಕು.

ಕಾಲರೇಖೆಗೆ ಎ4 ಹಾಳೆಯನ್ನು ಅಡ್ಡ ಇಡಿ. 1410ರಿಂದ 1520ರವರೆಗೆ, ವರ್ಷಕ್ಕೆ 2 ಮಿಲಿಮೀಟರ್‌ನಂತೆ 22 ಸೆಂಟಿಮೀಟರ್ ಗೆರೆ. 1453 ಬರುವುದು 8.6 ಸೆಂ.ಮೀ. ಬಳಿ. ಆದರೆ ಪೋರ್ಚುಗೀಸರು ಉತ್ತರ ಆಫ್ರಿಕಾದ ಸ್ಯೂಟಾ ಬಂದರನ್ನು ಗೆದ್ದ 1415 ಅದಕ್ಕಿಂತ 7.6 ಸೆಂ.ಮೀ. ಎಡಕ್ಕೆ ಬೀಳುತ್ತದೆ, ಆಫ್ರಿಕಾದ ಪಶ್ಚಿಮ ಕರಾವಳಿಯ ಬೊಜಡೋರ್ ಭೂಶಿರ ದಾಟಿದ 1434 ಕೂಡ ಎಡಕ್ಕೇ. ಅಂದರೆ ಅವರ ಸಮುದ್ರಯಾನ 1453ಕ್ಕೂ ಮೊದಲೇ ಶುರುವಾಗಿತ್ತು. ಪರಿಣಾಮವು ಕಾರಣಕ್ಕಿಂತ ಮೊದಲು ಬರಲಾರದು.

1453ರ ಪೆಟ್ಟು ಬಿದ್ದದ್ದು ಕಪ್ಪು ಸಮುದ್ರದ ಜಿನೋವಾ ವರ್ತಕರಿಗೆ; ಕ್ರಿಮಿಯಾದಲ್ಲಿದ್ದ ಅವರ ಕಾಫಾ ಬಂದರು 1475ರಲ್ಲಿ ಕೈತಪ್ಪಿತು. ವೆನಿಸ್ ಮಾತ್ರ 1454ರಲ್ಲೇ ಸುಲ್ತಾನ ಎರಡನೇ ಮೆಹ್ಮದನೊಂದಿಗೆ ವ್ಯಾಪಾರದ ಒಪ್ಪಂದ ಮಾಡಿಕೊಂಡಿತ್ತು.